ಎಡಗಡೆಯ ರಸ್ತೆ

ನಮ್ಮ ಬೀಗರು ನಿಂಗಯ್ಯನವರಿಗೆ ಆನೆ ಮೊದಲು ಸಿಗುತ್ತಿದ್ದದ್ದು ಮೂಗಿಗೆ, ಆಮೇಲೆ ಕಣ್ಣಿಗೆ. ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಜೀಪು ಓಡಿಸಿ ರಿಟೈರ್ ಆದವರು. ನನ್ನ ಸೊಸೆಯ ತಂದೆ. ಹೆಂಡತಿ ಸತ್ತ ಮೇಲೆ ಅಮೆರಿಕದ ಶಾಮ್‌ಬರ್ಗ್‌ಗೆ ಬಂದು ನಮ್ಮ ಜೊತೆಗೇ ಇದ್ದರು. ನಾನು ಓದಿದ್ದು ನಾಲ್ಕನೇ ಕ್ಲಾಸು, ಅವರು ಏಳು. ಅಷ್ಟಕ್ಕೇ ಅವರಿಗೆ ಜಂಬ.

ಮುದುಕರಿಬ್ಬರಲ್ಲಿ ಕೆಲಸಕ್ಕೆ ಬರುತ್ತಿದ್ದವರು ಅವರೇ. ಎರಡು ಸಲ ಫೇಲಾಗಿ ಮೂರನೇ ಸಲ ಅಲ್ಲಿನ ಲೈಸೆನ್ಸ್ ತೆಗೆದುಕೊಂಡಿದ್ದರು. ಮೊಮ್ಮಗಳು ಅನುವನ್ನು ಶಾಲೆಗೆ ಬಿಡುವುದು, ನನ್ನನ್ನು ಇಂಡಿಯನ್ ಅಂಗಡಿಗೆ ಕರೆದುಕೊಂಡು ಹೋಗುವುದು ಎಲ್ಲ ಅವರದೇ. ಕಾರಿನಲ್ಲಿ ನಾನು ಬಾಯಿ ತೆಗೆದರೆ, "ಅಕ್ಕಾರೆ, ಬಾಯಿಗೆ ರಜಾ ಕೊಡಿ" ಅನ್ನುತ್ತಿದ್ದರು. "ಈ ಕೀ ಒಂದು ಇಲ್ದಿದ್ರೆ ನಾನೂ ನಿಮ್ಮಂಗೇ ಇನ್ನೊಬ್ರು ಯಾವಾಗ ಬರ್ತಾರೆ ಅಂತ ಕಿಟಕೀಲಿ ಕೂರ್ಬೇಕಾಗಿತ್ತು." ಹೇಳಿದ್ದು ಸುಳ್ಳಲ್ಲ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಮಗ ಎಲ್ಲರನ್ನೂ ದಕ್ಷಿಣ ಆಫ್ರಿಕಾದ ಕ್ರೂಗರ್ ಕಾಡಿಗೆ ಕರೆದುಕೊಂಡು ಹೋದ. ಅಲ್ಲಿ ನಾವೇ ಗಾಡಿ ಓಡಿಸಿಕೊಂಡು ಪ್ರಾಣಿ ನೋಡಬಹುದು. ಬಾಡಿಗೆ ವ್ಯಾನು. ಸ್ಟೀರಿಂಗ್ ಬಲಕ್ಕೆ, ಹೋಗುವುದು ಎಡಕ್ಕೆ, ನಮ್ಮೂರಿನ ಹಾಗೆ. ಮಗ ಡ್ರೈವಿಂಗ್ ಕಲಿತದ್ದೇ ಅಮೆರಿಕದಲ್ಲಿ, ಅಲ್ಲಿ ಹೋಗುವುದು ಬಲಕ್ಕೆ. ತಿರುವು ಬಂದಾಗಲೆಲ್ಲ ಇಂಡಿಕೇಟರ್ ಬದಲು ವೈಪರ್ ಹಾಕುತ್ತಿದ್ದ. ಸುಡುಬಿಸಿಲಲ್ಲಿ ಅದು ಆಡುವುದನ್ನು ನೋಡಿ ನೋಡಿ ಬೀಗರು, "ಅಳಿಯಂದ್ರೆ, ಮಳೆ ನಿಂತದೆ, ಇಳೀರಿ ಇನ್ನ" ಎಂದರು. ಮಗ ಕೀ ಕೊಟ್ಟ.

ಐದು ದಿನ ಅವರೇ ಓಡಿಸಿದರು. ಜೀಬ್ರಾ, ಜಿರಾಫೆ, ಕಾಡೆಮ್ಮೆ. ಎರಡನೇ ದಿನಕ್ಕೇ ನನಗೆ ಎಲ್ಲ ದನದ ಹಾಗೆ ಕಾಣಿಸಿದವು. ಸಿಂಹ ಮಲಗಿತ್ತು, ಏಳಲಿಲ್ಲ. ಮೂರನೇ ದಿನ ಬೀಗರು ಇದ್ದಕ್ಕಿದ್ದಂತೆ ಗಾಡಿ ನಿಲ್ಲಿಸಿದರು.

"ಗಾಜು ಏರಿಸಿ. ಮದ ಬಂದಿರೋದು ಅದೆ."

ನಮಗೆ ಬರೀ ಪೊದೆ ಕಂಡಿತು. ಸ್ವಲ್ಪ ಹೊತ್ತಿಗೆ ಅದರಿಂದ ಒಂಟಿ ಗಂಡಾನೆ ಹೊರಗೆ ಬಂತು. ಕೆನ್ನೆ ಮೇಲೆ ಒದ್ದೆ ಇಳಿದಿತ್ತು. ನೇರ ನಮ್ಮ ಕಡೆಗೇ ನಡೆಯಿತು.

"ಹಾರ್ನ್ ಹೊಡೀರಿ ಮಾವ," ಎಂದ ಮಗ.

"ಸುಮ್ನೆ ಕೂತ್ಕಳಿ."

ಒಂದೇ ವೇಗದಲ್ಲಿ, ತುಂಬಾ ದೂರ ಹಿಂದಕ್ಕೇ ಓಡಿಸಿದರು. ಆನೆ ಬೇಸರ ಬಂದು ತಿರುಗಿಕೊಂಡಿತು. ಅವರ ಅಂಗಿಯ ಬೆನ್ನು ತೊಯ್ದಿತ್ತು, ಮುಖ ಮಾತ್ರ ಮದುವೆ ಗಂಡಿನ ಹಾಗಿತ್ತು.

ಶಾಮ್‌ಬರ್ಗ್‌ಗೆ ವಾಪಸ್ಸು ಬಂದ ಮೂರನೇ ಬೆಳಿಗ್ಗೆ ಅನುವನ್ನು ಶಾಲೆಗೆ ಬಿಡಲು ಹೊರಟೆವು. ಅವಳು ಹಿಂದೆ, ನಾನು ಮುಂದೆ. ನಮ್ಮ ಬಡಾವಣೆ ದಾಟಿದ್ದೇ ಬೀಗರು ಗಾಡಿಯನ್ನು ಎಡಕ್ಕೆ ಹಿಡಿದರು. ಎದುರಿಗೆ ದೊಡ್ಡ ಲಾರಿ ಬರುತ್ತಿತ್ತು. ನಾನೂ ನೋಡುತ್ತಲೇ ಇದ್ದೆ. ಊರಲ್ಲಿ ಹುಟ್ಟಿ ಬೆಳೆದ ಕಣ್ಣಿಗೆ ಎಡಗಡೆ ತಪ್ಪು ಅನ್ನಿಸಲೇ ಇಲ್ಲ.

"ತಾತಾ, ರಾಂಗ್ ಸೈಡ್!" ಅಂತ ಅನು ಕಿರುಚಿದಳು.

ಯಾರದೋ ಮನೆಯ ಹುಲ್ಲಿನ ಮೇಲೆ ಹತ್ತಿ, ಟಪಾಲು ಡಬ್ಬಿ ಮುರಿದು ನಿಂತೆವು. ಯಾರಿಗೂ ಗಾಯವಾಗಲಿಲ್ಲ.

ಸಂಜೆ ಬೀಗರು, ಮಗಳು ಕೇಳುವ ಮೊದಲೇ ಕೀ ತೆಗೆದು ಅವಳ ಮುಂದಿಟ್ಟರು. "ಮಗೀನ್ ಜೀವಾನೇ ತಗದ್ಬುಡ್ತಿದ್ದೆ ಕಣವ್ವ. ಇನ್ನ ಮುಟ್ಟಕಿಲ್ಲ." ಅವಳು ಬೇಡ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ನನಗೂ ಗಾಡಿ ಹೋಯಿತು.

ಆಮೇಲೆ ಹಗಲೆಲ್ಲ ಮಲಗತೊಡಗಿದರು. ಚಳಿ ಹಿಡಿಯುವ ಮೊದಲು ತಮ್ಮೂರು ಗುಂಡ್ಲುಪೇಟೆಗೆ ಹೊರಟರು. ಏರ್‌ಪೋರ್ಟಿನಲ್ಲಿ "ಬತ್ತೀನಿ ಅಕ್ಕಾರೆ" ಎಂದರು. "ಹ್ಞೂಂ" ಅಂದೆ.

ಯುಗಾದಿಯ ಹಿಂದಿನ ವಾರ ಫೋನು ಬಂತು. ಮಲಗಿದ್ದವರು ಏಳಲಿಲ್ಲವಂತೆ. ಸೊಸೆ ಟಿಕೆಟ್ಟಿಗೆ ಓಡಾಡುತ್ತಿದ್ದಳು, ಮಗುವಿಗೆ ಹೇಳುವ ಕೆಲಸ ನನಗೆ ಬಂತು. ಊಟಕ್ಕೆ ಕೂತಾಗ ಹೇಳಿದೆ. ಅವಳು ತಟ್ಟೆ ನೋಡುತ್ತಾ, ಅಂದು ತಾನು ಕಿರುಚಿದ್ದರಿಂದಲೇ ತಾತ ಹೋದರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ನೀನು ಕಿರುಚಿದ್ದಕ್ಕೇ ಇವತ್ತು ಇಲ್ಲಿ ಕೂತಿದ್ದೀಯ," ಅಂದೆ. "ಅನ್ನ ಆರ್ತಾ ಇದೆ, ತಿನ್ನು."

ತಿಂದಳು. ನಾನೂ ಬಡಿಸಿಕೊಂಡೆ.