ವಡಾಲದ ಕ್ರೇನಿನ ಏರಿಳಿತಗಳು

ಮುಂಬೈಗೆ ಬಂದ ಮರುದಿನ ಬೆಳಿಗ್ಗೆ ಭೂಕಂಪವಾಯಿತೆಂದು ಹೆದರಿ, ಚಹಾದ ಲೋಟ ಹಿಡಿದುಕೊಂಡೇ ಮೆಟ್ಟಿಲಿಗೆ ಓಡಿದ್ದೆ. ಎದುರು ಮನೆಯ ಕಾಶಕ್ಕ ತಡೆದು, ಹಾರ್ಬರ್ ಲೈನಿನ ಲೋಕಲ್ ರೈಲು ಹೋಯಿತಷ್ಟೇ ಎಂದಳು. ವಿಜಯಪುರದ ನಮ್ಮ ಮನೆಯ ಕಲ್ಲುಗೋಡೆ ಯಾವುದಕ್ಕೂ ಅಲುಗಿದ್ದನ್ನು ನಾನು ಕಂಡಿಲ್ಲ. ಇಲ್ಲಿ ಆಂಟಾಪ್ ಹಿಲ್‌ನಲ್ಲಿ ನನ್ನದು ಖೋಲಿ. ಒಂದೇ ಕೋಣೆಯ ಮನೆಗೆ ಹಾಗೆನ್ನುತ್ತಾರೆ. ಪಾತ್ರೆಗಳು ದಿನವಿಡೀ ಸದ್ದು ಮಾಡುತ್ತವೆ.

ಕಾಶಕ್ಕನವರು ನಮ್ಮ ಜಿಲ್ಲೆಯವರೇ, ಇಂಡಿ ಕಡೆಯವರು. ಗಂಡ ಬಸಪ್ಪಣ್ಣ ವಡಾಲದಲ್ಲಿ ಏಳುತ್ತಿದ್ದ ಒಂದು ಬಿಲ್ಡಿಂಗಿನ ಕ್ರೇನ್ ನಡೆಸುತ್ತಿದ್ದ. ಹಿಂದಿಯಲ್ಲಿ ಸ್ತ್ರೀಲಿಂಗ ಪುಲ್ಲಿಂಗ ಅದಲುಬದಲು ಮಾಡಿ ಮಾತಾಡಿ, ಆಫೀಸಿನಲ್ಲಿ ನಗೆಗೀಡಾಗಿ ಬಂದ ಸಂಜೆಗಳಲ್ಲಿ ಜೋಳದ ರೊಟ್ಟಿ, ಕನ್ನಡ ಎರಡೂ ಅವರ ಮನೆಯಲ್ಲೇ ಸಿಗುತ್ತಿದ್ದವು.

ಉಕ್ಕಿನ ದಣಿವನ್ನು ಲೆಕ್ಕ ಹಾಕುವುದು ನನ್ನ ಕೆಲಸ. ಭಾರ ಏರಿ ಇಳಿದು, ಏರಿ ಇಳಿದು ಉಕ್ಕು ಕೊನೆಗೆ ಬಿರುಕು ಬಿಡುತ್ತದೆ. ಆ ಏರಿಳಿತಗಳು ಒಂದೇ ಅಳತೆಯವಲ್ಲ. ಕ್ರೇನ್ ಎತ್ತಿದ ಭಾರ ನಡುವೆ ನಿಲ್ಲುತ್ತದೆ, ಗಾಳಿಗೆ ತೂಗುತ್ತದೆ, ಮತ್ತೆ ಏರುತ್ತದೆ. ತಿರುವು ಕಂಡಲ್ಲೆಲ್ಲ ಕತ್ತರಿಸಿ ಎಣಿಸಿದರೆ ಒಂದು ದೊಡ್ಡ ಏರಿಳಿತ ನಾಲ್ಕಾರು ಸಣ್ಣವಾಗಿ ಕಾಣುತ್ತದೆ, ದೊಡ್ಡದು ಮಾಡಿದ ಹಾನಿ ಮರೆಯಾಗುತ್ತದೆ. ಅದಕ್ಕೇ ಭಾರದ ಏರಿಳಿತದ ಗ್ರಾಫನ್ನು ಉದ್ದಕ್ಕೆ ನಿಲ್ಲಿಸಿ, ಒಂದರ ಕೆಳಗೊಂದು ಚಾವಣಿಗಳ ಮೇಲಿಂದ ಮಳೆನೀರು ಇಳಿದಂತೆ ಎಣಿಸುವ ಕ್ರಮವಿದೆ: ನಡುವಿನ ಸಣ್ಣವನ್ನು ಬೇರೆ ತೆಗೆದಿಟ್ಟು, ದೊಡ್ಡದನ್ನು ಇಡಿಯಾಗಿ ಉಳಿಸಿಕೊಳ್ಳುವುದು.

ಒಂದು ಬೆಳಿಗ್ಗೆ ನನ್ನ ಮೇಜಿಗೆ ಬಂದದ್ದು ಬಸಪ್ಪಣ್ಣನ ಕ್ರೇನಿನ ಅಳತೆಗಳು. ನನಗಿಂತ ಹಿಂದಿನವರು ಕತ್ತರಿಸಿ ಎಣಿಸಿ, ಇನ್ನೂ ವರ್ಷಗಟ್ಟಲೆ ಬಾಳುತ್ತದೆ ಎಂದಿದ್ದರು. ನಾನು ಎಣಿಸಿದಾಗ ಅದರ ಆಯುಷ್ಯ ಆಗಲೇ ಮುಗಿದಿತ್ತು. ಅಂದು ಮಧ್ಯಾಹ್ನವೇ ಅತಿ ಭಾರದ ತೊಲೆ ಎತ್ತುವುದಿತ್ತು, ಮೇಲೆ ಕೂರುವವನು ಬಸಪ್ಪಣ್ಣ. ಮೇಲಧಿಕಾರಿ ದೇಶಪಾಂಡೆ ಸರ್, ಕ್ರೇನ್ ಸರಿಯಿದೆಯೆಂದು ಇವತ್ತು ಸಹಿ ಹಾಕು, ಮುಂದಿನ ವಾರ ನೋಡೋಣ ಎಂದರು.

"ಮೈ ಸೈನ್ ನಹೀ ಕರೂಂಗಿ, ಸರ್," ಎಂದೆ. ಹಿಂದಿ ತಪ್ಪಿಲ್ಲದೆ ಬಂದಿತ್ತೆಂದು ಆಮೇಲೆ ಹೊಳೆಯಿತು. ಅವರು ನನ್ನ ಗ್ರಾಫನ್ನೇ ತುಂಬಾ ಹೊತ್ತು ನೋಡಿ, ಸೈಟಿಗೆ ಫೋನ್ ಮಾಡಿದರು.

ಕ್ರೇನ್ ನಿಂತಿತು. ನಾನು ಹೋಗುವಷ್ಟರಲ್ಲಿ ಕೂಲಿಯವರೆಲ್ಲ ಕೆಳಗೆ ಸೇರಿದ್ದರು. ಹೆಚ್ಚಿನವರು ನಮ್ಮ ಕಡೆಯವರೇ. ಬಸಪ್ಪಣ್ಣ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ: "ಅಕ್ಕಾರ, ದಿನಾ ಮ್ಯಾಲ ಕುಂದ್ರಾಂವ ನಾನು. ನನಗ ಏನೂ ಗೊತ್ತಾಗಿಲ್ಲ. ನಿಮಗ ಕಾಗದದಾಗ ಹೆಂಗ ಕಾಣಿಸ್ತ್ರಿ?"

"ನನಗೂ ಕಂಡಿಲ್ಲ ಅಣ್ಣಾ. ಲೆಕ್ಕ ಹಂಗ ಹೇಳಾಕತ್ತೈತಿ."

ಬಣ್ಣ ಕೆರೆದು, ಬಿರುಕು ತೋರಿಸುವ ಕೆಂಪು ದ್ರಾವಣ ಬಳಿದು ಒರೆಸಿ, ಬೆಸುಗೆಗಳನ್ನು ಒಂದೊಂದಾಗಿ ನೋಡುತ್ತಾ ಹೋದರು. ಏನೂ ಇಲ್ಲ. ಎಲ್ಲರ ಕಣ್ಣೂ ನನ್ನ ಮೇಲೆ. ಬಿಸಿಲು ಇಳಿಯುತ್ತಿದ್ದಾಗ ಏಣಿಯ ಹಿಂದಿನ ಬೆಸುಗೆಯಲ್ಲಿ ಕೂದಲೆಳೆಯಂಥ ಕೆಂಪು ಗೆರೆ ಮೂಡಿತು. ಬಸಪ್ಪಣ್ಣ ಅದನ್ನು ನೋಡಿ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ.

ಸೈಟಿನ ಕೆಲಸ ತಿಂಗಳುಗಟ್ಟಲೆ ನಿಂತಿತು. ಕೂಲಿಯವರು ಚದುರಿದರು, ಬಸಪ್ಪಣ್ಣನ ಸಂಸಾರ ಪನ್ವೇಲ್ ಕಡೆಗೆ ಹೋಯಿತು. ಹೊರಡುವಾಗ ಕಾಶಕ್ಕ ನನ್ನ ಕೈ ಹಿಡಿದು ಅತ್ತಳು, ಬೈಯಲಿಲ್ಲ. ಅವರ ಬಾಗಿಲಿಗೆ ಈಗ ಬೀಗ. ನಮ್ಮ ಬಿಲ್ಡಿಂಗಿನಲ್ಲಿ ಉಳಿದ ಕನ್ನಡದ ಮಕ್ಕಳು ನನಗೆ ಹಿಂದಿಯಲ್ಲೇ ಉತ್ತರ ಕೊಡುತ್ತವೆ.

ದೀಪಾವಳಿಗೆ ವಿಜಯಪುರಕ್ಕೆ ಹೋಗಿ ಅವ್ವನ ಪಕ್ಕ ಕೂತಿದ್ದಾಗ ಕಾಶಕ್ಕನ ಫೋನ್ ಬಂತು. ಹಬ್ಬ ಹೇಗಾಯಿತೆಂದು ವಿಚಾರಿಸಿ, "ಊರಿಗೆ ವಾಪಸ್ ಯಾವಾಗ ಹೊಂಟೀರಿ?" ಎಂದಳು.

"ನಾಳೆ ಊರಿಗೆ ಹೊಂಟೀನ್ರಿ," ಎಂದೆ.

ಕರ್ಚಿಕಾಯಿ ಮಡಿಸುತ್ತಿದ್ದ ಅವ್ವ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. "ಯಾವ ಊರಿಗೆ?" ಎಂದು ಕೇಳಿದಳು.