ನರಸಮ್ಮ ಕೂಗಿದ ಕಡೆಯ ಗುಡ್ಡೆ

ನಮ್ಮೂರ ಕೆರೆಗೆ ವರ್ಷಕ್ಕೊಮ್ಮೆ ಮಾತ್ರ ಬಲೆ ಬೀಳುತ್ತಿತ್ತು. ಬೇಸಿಗೆಯಲ್ಲಿ ನೀರು ತೂಬಿನ ಕಲ್ಲಿಗಿಂತ ಕೆಳಗಿಳಿದ ಮೇಲೆ ಪಟೇಲ ಅಪ್ಪಯ್ಯಣ್ಣನವರು ಒಂದು ದಿನ ಗೊತ್ತು ಮಾಡಿ ಸಾರಿಸುತ್ತಿದ್ದರು. ಅಂದು ಹಿಡಿದ ಮೀನನ್ನು ಯಾರೂ ನೇರ ಮನೆಗೆ ಒಯ್ಯುವಂತಿರಲಿಲ್ಲ. ಎಲ್ಲವೂ ಏರಿಯ ಮೇಲಿನ ಹೊಂಗೆ ಮರದಡಿಗೆ ಬಂದು ಬೀಳಬೇಕು. ಯುದ್ಧದ ಆ ವರ್ಷಗಳಲ್ಲಿ ಮೊದಲು ಸರ್ಕಾರದ ಪಾಲು. ಬೆಂಗಳೂರಿನ ದಂಡಿನವರಿಗೆಂದು ತಾಲ್ಲೂಕಿನಿಂದ ಹೇಳಿ ಕಳಿಸಿದಷ್ಟು ತೂಕ ಗಾಡಿಗೇರಿದ ಮೇಲೆ, ಉಳಿದದ್ದು ಊರಿಗೆ, ಒಲೆಗೊಂದು ಗುಡ್ಡೆಯಂತೆ. ಶಾಲೆಯ ಮೇಷ್ಟ್ರಾದ್ದರಿಂದ ತಕ್ಕಡಿ ಹಿಡಿಯುವ ಕೆಲಸ ನಮ್ಮ ಯಜಮಾನರಿಗೆ ಬಿದ್ದಿತ್ತು.

ಗುಡ್ಡೆ ಹಾಕುವವನು ನೀರುಗಂಟಿ ಕೊಂಡಪ್ಪ. ಕೆರೆಯ ನೀರು ಬಿಡುವವನೂ ಅವನೇ, ಕದ್ದು ಬಲೆ ಹಾಕದಂತೆ ಕಾಯುವವನೂ ಅವನೇ. ನೀರಿನಿಂದ ಮೇಲೆ ಬಂದವರನ್ನೆಲ್ಲ ತಡೆದು ನಿಲ್ಲಿಸಿ, “ಏನ್ಲಾ, ನಿನ್ ಸೊಂಟದಾಗೆ ಬಾಲ ಒದರ್ತಾ ಐತಲ್ಲ, ನಿಂದೋ ಮೀನಿಂದೋ?” ಎಂದು ನಗಿಸಿಯೇ ಬಚ್ಚಿಟ್ಟದ್ದನ್ನು ಕಕ್ಕಿಸುತ್ತಿದ್ದ. ಗುಡ್ಡೆಗಳು ಸಾಲಾಗಿ ಮುತ್ತುಗದ ಎಲೆಯ ಮೇಲೆ ಬಿದ್ದ ಮೇಲೆ ಒಂದೊಂದನ್ನೂ ಕೋಲಿನಿಂದ ಮುಟ್ಟಿ ಕೂಗುತ್ತಿದ್ದ: “ಇದ್ಯಾರ್ಗೆ?”

ಹೆಸರು ಹೇಳುವವಳು ನರಸಮ್ಮ. ಮರದಿಂದಾಚೆ ಒಂದು ಕಲ್ಲಿತ್ತು. ಗುಡ್ಡೆಗಳಿಗೆ ಬೆನ್ನು ಮಾಡಿ, ಸೆರಗು ತಲೆಗೆಳೆದುಕೊಂಡು ಅದರ ಮೇಲೆ ಕೂತು, “ಗಂಗಣ್ಣಂಗೆ!”, “ಅಂಜಿನಮ್ಮಂಗೆ!” ಎಂದು ಅವಳು ಕೂಗಿದರೆ ಏರಿಯ ಆ ತುದಿಗೆ ಕೇಳುತ್ತಿತ್ತು. ಯಾವ ಗುಡ್ಡೆ ದೊಡ್ಡದು, ಯಾವುದು ಚಿಕ್ಕದು ಎಂದು ಕಾಣದವಳು ಹಂಚಿದ್ದರಿಂದ ಯಾರೂ ತಕರಾರು ಮಾಡುವಂತಿಲ್ಲ. ಮೊದಲ ಗುಡ್ಡೆ ಅವಳದೇ, ಅದು ಕೂಗಿದ ಕೂಲಿ. ಅವಳ ಅತ್ತೆಯಿಂದ ಬಂದ ಹಕ್ಕು ಅದು. ಒಂದೇ ಕಟ್ಟಳೆ: ಕಡೆಯ ಹೆಸರು ಮುಗಿದು ಜನ ಗುಡ್ಡೆ ಎತ್ತುವವರೆಗೆ ತಿರುಗಿ ನೋಡಬಾರದು. ನೋಡಿದರೆ ಕಲ್ಲು ಬಿಡಬೇಕು.

ನಾನು ಬೆಂಗಳೂರಿನಲ್ಲಿ ಓದಿ ಬೆಳೆದವಳು. ಸೂಲಿಬೆಲೆಯಿಂದಾಚೆಯ ಈ ಊರಿಗೆ ಬಂದ ಮೊದಲ ವರ್ಷವೇ, ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಗುಡ್ಡೆ ನೋಡಲು ಹೋಗಿದ್ದೆ. ಬಿಸಿಲಿಗೆ ಮಗುವಿನ ನೆತ್ತಿ ಸುಟ್ಟೀತೆಂದು ಒದ್ದೆ ಬಟ್ಟೆ ಹಾಕುತ್ತಿದ್ದೆ, ಒದ್ದೆಯಿಂದ ನೆಗಡಿ ಬಂದೀತೆಂದು ತೆಗೆಯುತ್ತಿದ್ದೆ. ಎದುರಿನ ಕಲ್ಲಿನ ಮೇಲಿಂದಲೇ ನರಸಮ್ಮ, “ಮೇಷ್ಟ್ರಮ್ಮಾ, ಆ ಕೂಸನ್ನ ಅದ್ರ ಪಾಡಿಗೆ ಬುಡಿ, ಅದೇನ್ ಬೆಣ್ಣೇನಾ?” ಎಂದಳು. ಅಂದಿನಿಂದ ಗೆಳೆತನ.

ಅವಳ ಮಾತಿನಲ್ಲಿ ಏನು ಶುರುವಾದರೂ ಮುಗಿಯುತ್ತಿದ್ದದ್ದು ಪಿಳ್ಳಮ್ಮನಲ್ಲಿ. ಪಿಳ್ಳಮ್ಮ ಅವಳ ವಾರಗಿತ್ತಿ, ಮೈದುನನ ಹೆಂಡತಿ. ಮನೆ ಭಾಗವಾಗಿ ನಡುವೆ ಒಂದು ಮಣ್ಣಿನ ಗೋಡೆ ಎದ್ದಿತ್ತು. ನರಸಮ್ಮನಿಗೆ ಇದ್ದೊಬ್ಬ ಮಗಳು ಮದುವೆಯಾಗಿ ದೇವನಹಳ್ಳಿ ಕಡೆ ಸೇರಿದ್ದಳು. ಗೋಡೆಯಾಚೆ ಪಿಳ್ಳಮ್ಮನ ಗಂಡುಮಕ್ಕಳದು ದಿನವೆಲ್ಲ ಗದ್ದಲ.

“ಅವ್ಳ ಎಮ್ಮೆ ಹಾಲು ಕರೀತೈತೆ, ನನ್ನದು ಒದೀತೈತೆ. ಅವ್ಳ ಸೋರೆ ಬಳ್ಳಿ ಗ್ವಾಡೆ ಆಚೆ ಕಾಯಿ ಬಿಡ್ತೈತೆ, ಈಚೆ ಬರೀ ಎಲೆ. ಏನ್ ಹೇಳಾನ!”

ನಾನು ಹೂಗುಟ್ಟುತ್ತಿದ್ದೆ. ಸುಮ್ಮನೆ ಅಲ್ಲ. ಪಿಳ್ಳಮ್ಮನ ಕಡೆಯ ಕೂಸು ನನ್ನ ಮಗುವಿಗಿಂತ ಚಿಕ್ಕದು. ಆಗಲೇ ಅಂಗಳದಲ್ಲಿ ಕೋಳಿ ಅಟ್ಟಿಸಿಕೊಂಡು ಓಡುತ್ತಿತ್ತು. ನನ್ನದು ಗೋಡೆ ಹಿಡಿದು ಎರಡು ಹೆಜ್ಜೆ ಇಟ್ಟು ಕೂತುಬಿಡುತ್ತಿತ್ತು. ಗ್ಲಾಕ್ಸೊ ಹಾಲುಪುಡಿಯ ಡಬ್ಬಿ, ಕಾಯಿಸಿ ಆರಿಸಿದ ನೀರು, ಏನೆಲ್ಲ ಕೊಟ್ಟರೂ ತೋಳು ಕಡ್ಡಿ. ಆ ಕೂಸಿನ ದುಂಡು ಮೊಣಕೈಯ ಗುಳಿ ಕಂಡರೆ ನನಗೆ ಊಟ ಸೇರುತ್ತಿರಲಿಲ್ಲ.

ಅದನ್ನೊಮ್ಮೆ ಹೇಳಿಕೊಂಡಾಗ ನರಸಮ್ಮ ಎಂದಳು: “ಆ ಕೂಸು ಮೈ ತುಂಬ್ಕೊಳ್ದೆ ಏನ್ ಮಾಡೀತು! ಗುಡ್ಡೆ ದಿನ ಅವ್ಳ ಮನೆ ಸಾರಿನ ವಾಸ್ನೆ ಮಾರನೇ ದಿನಾನೂ ಬರ್ತೈತೆ. ನಂದು ಮೊದ್ಲ ಗುಡ್ಡೆ, ಒಂದೊತ್ತಿಗೆ ಖಾಲಿ. ಆ ಕೊಂಡಪ್ಪ ಅವ್ಳ್ದಕ್ಕೆ ತುರುಕ್ತಾನೆ ಕಣವ್ವಾ. ನನ್ ಬೆನ್ನಿಗೆ ಕಣ್ಣಿಲ್ಲ ಅಂತ ಧೈರ್ಯ.”

ನನಗೆ ಆಶ್ಚರ್ಯವಾಯಿತು. “ಅಕ್ಕಾ, ತುರುಕೋದೇನು ಬಂತು? ಗುಡ್ಡೆಗೆ ಸಮನಾಗಿ ಬಾರದೆ ಮಿಕ್ಕ ಮೀನು ಕುಕ್ಕೆಯಲ್ಲಿ ಇರುತ್ತಲ್ಲ, ಅದನ್ನ ಕಡೆಯ ಗುಡ್ಡೆಯ ಮೇಲೆ ಸುರೀತಾರೆ. ಯಾರನ್ನ ನೀವು ಕಡೆಗೆ ಕೂಗ್ತೀರೋ ಅವರಿಗೆ. ನೀವು ಪ್ರತಿ ವರ್ಷ ಪಿಳ್ಳಮ್ಮನನ್ನೇ ಕಡೆಗೆ ಕೂಗ್ತೀರಂತೆ.”

“ಕೂಗ್ದೆ ಇರ್ತೀನಾ? ನಮ್ಮವ್ವನ ಊರಾಗೆ ಕಡೇ ಗುಡ್ಡೆ ಅಂದ್ರೆ ಕುಕ್ಕೆ ತಳದ ಹರಕು ಮುರುಕು. ಅದಕ್ಕೇ ಅವ್ಳ್ಗೆ ಅದು!”

ಆಗ ಗೊತ್ತಾಯಿತು. ಅವಳ ತವರಿನಲ್ಲಿ ಗುಡ್ಡೆಗಳನ್ನು ಒಂದೊಂದಾಗಿ ಕುಕ್ಕೆಯಿಂದ ತೆಗೆದು ಹಾಕುತ್ತಿದ್ದರು, ಕಡೆಗೆ ಉಳಿಯುವುದು ಪುಡಿಮೀನು. ಇಲ್ಲಿಗೆ ಸೊಸೆಯಾಗಿ ಬಂದ ಮೇಲೆ ಅವಳು ಗುಡ್ಡೆಯ ದಿನ ಮೊದಲು ಏರಿ ಹತ್ತಿದ್ದೇ ಅತ್ತೆ ತೀರಿಕೊಂಡು ತಾನು ಕಲ್ಲಿನ ಮೇಲೆ ಕೂತ ವರ್ಷ. ಅವಳೇ ಕೂಗಿ ಹಂಚಿದ ಗುಡ್ಡೆಗಳನ್ನು ಹೇಗೆ ಹಾಕುತ್ತಾರೆಂದು ಅವಳು ಮಾತ್ರ ಒಮ್ಮೆಯೂ ನೋಡಿರಲಿಲ್ಲ. ಮಿಕ್ಕವರಿಗೆಲ್ಲ ಗೊತ್ತಿತ್ತು. ಮಕ್ಕಳಿರುವ ಮನೆಗೆ ಹೋಗುತ್ತಲ್ಲ, ಹೋಗಲಿ ಎಂದು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

“ಬೇಕಾದರೆ ಈ ಸಲ ಬೇರೆ ಯಾರನ್ನಾದರೂ ಕಡೆಗೆ ಕೂಗಿ ನೋಡಿ” ಎಂದೆ.

“ಅವ್ಳ್ನ ಮುಂದಾಗಿ ಕೂಗ್ಲಾ? ಸತ್ರೂ ಇಲ್ಲ!” ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ, “ನೀವು ಬೆಂಗಳೂರೋರು, ನಿಮ್ಗೆ ಗುಡ್ಡೆ ವಿಚಾರ ತಿಳೀದು. ಅವ್ನು ತುರುಕೋದನ್ನ ನಾನೇ ಕಣ್ಣಾರೆ ನೋಡ್ತೀನಿ” ಎಂದಳು.

“ತಿರುಗಿದರೆ ಕಲ್ಲು ಹೋಗುತ್ತೆ ಅಕ್ಕಾ.”

ಸೇರು ಅಕ್ಕಿಗೆ ಸಾಲು ನಿಲ್ಲುವ ಆ ದಿನಗಳಲ್ಲಿ ಮೊದಲ ಗುಡ್ಡೆಯ ಹಕ್ಕು ಸಣ್ಣದಲ್ಲ. ಅದಕ್ಕಿಂತ, ಊರೆಲ್ಲ ಅವಳ ಬಾಯಿಗೆ ಕಾಯುತ್ತಿದ್ದ ಹೊತ್ತು ಅದೊಂದೇ.

ಮರುವರ್ಷ ಸರ್ಕಾರದ ಪಾಲು ಹೆಚ್ಚಾಯಿತು. ನಮ್ಮವರು ತೂಗುತ್ತಲೇ ಇದ್ದರು, ಜನ ಗಾಡಿಯನ್ನು ನೋಡುತ್ತಲೇ ಇದ್ದರು. ಊರಿಗೆ ಉಳಿದ ಗುಡ್ಡೆಗಳು ಬೊಗಸೆಯಷ್ಟಾದವು. ಆದರೆ ಕುಕ್ಕೆಯಲ್ಲಿ ಮಿಕ್ಕದ್ದು ದಪ್ಪ ಕೊರಮೀನುಗಳು. ಯಾವ ಗುಡ್ಡೆಗೆ ಒಂದು ಹಾಕಿದರೂ ಸಮ ತಪ್ಪುತ್ತದೆಂದು ಕೊಂಡಪ್ಪ ಅವನ್ನು ಹಾಗೇ ಬಿಟ್ಟಿದ್ದ. ಪಿಳ್ಳಮ್ಮ ಸೊಂಟದ ಮೇಲೆ ಕೂಸನ್ನಿಟ್ಟುಕೊಂಡು ಸಾಲಿನ ತುದಿಯಲ್ಲಿ ಆಗಲೇ ನಿಂತಿದ್ದಳು.

“ಇದ್ಯಾರ್ಗೆ?”

“ರಾಮಾಂಜಿನಪ್ಪಂಗೆ!”

“ಇದ್ಯಾರ್ಗೆ?”

“ಪಾಪಕ್ಕಂಗೆ!”

ಹೀಗೆ ಸಾಲು ಮುಗಿಯುತ್ತಾ ಬಂತು. ಕಡೆಯದನ್ನು ಕೋಲು ಮುಟ್ಟಿತು. “ಇದ್ಯಾರ್ಗಮ್ಮೋ?”

ನರಸಮ್ಮ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡಳು. ನಾನು ಮಗುವನ್ನು ಅವುಚಿಕೊಂಡೆ. ಆಮೇಲೆ, “ಪಿಳ್ಳಮ್ಮಂಗೆ” ಎಂದಳು. ಕುಕ್ಕೆ ಬೋರಲಾಗಿ ಕೊರಮೀನುಗಳು ಎಲೆಯ ಮೇಲೆ ದಪದಪನೆ ಬಿದ್ದ ಸದ್ದಾಯಿತು. ನರಸಮ್ಮ ಸೆರಗು ಸರಿಸಿ ತಿರುಗಿದಳು.

ಕೊಂಡಪ್ಪನ ಕೈಯಲ್ಲಿ ಬರಿದಾದ ಕುಕ್ಕೆ ಹಾಗೇ ಇತ್ತು.

“ಇದೇನಾ ನೀನ್ ಮಾಡಾದು?”

“ಮಿಕ್ಕಿದ್ದು ಕಡೇ ಗುಡ್ಡೆಗಲ್ವೇನಕ್ಕಾ? ನಿಮ್ಮತ್ತೆ ಕಾಲ್ದಿಂದಾನೂ ಇಂಗೇ. ಕಡೇಗೆ ಕೂಗೋಳು ನೀನು, ನಾನ್ ಸುರಿಯೋನು.”

ಅವಳು ಗುಡ್ಡೆ ನೋಡಿದಳು, ಕೂಸನ್ನು ನೋಡಿದಳು, ಕಡೆಗೆ ನನ್ನನ್ನು ನೋಡಿದಳು. ಅಪ್ಪಯ್ಯಣ್ಣನವರು ಮೆಲ್ಲಗೆ ಹೇಳಿದರು: “ನರಸಮ್ಮ, ಮೊಕ ಈ ಕಡೆ ಬಂತಲ್ಲವ್ವ.”

“ಬಂತು. ನಂಗೊತ್ತು.” ಎದ್ದು, ಸೀರೆ ಕೊಡವಿ, ತನ್ನ ಮೊದಲ ಗುಡ್ಡೆಯನ್ನು ಎಲೆ ಸಮೇತ ಎತ್ತಿಕೊಂಡು ಏರಿ ಇಳಿದಳು.

ಅತ್ತೆಯ ಹಕ್ಕು ಮನೆಯೊಳಗೇ ಉಳಿಯಬೇಕಾದ್ದರಿಂದ ಕಲ್ಲು ಪಿಳ್ಳಮ್ಮನಿಗೆ ಬಂತು. ಅದರಾಚೆಯ ಬೇಸಿಗೆಯಲ್ಲಿ ಅವಳು ಸೆರಗು ಹೊದ್ದು ಕೂತಾಗ ನರಸಮ್ಮ ನನ್ನ ಪಕ್ಕದಲ್ಲಿ ನಿಂತಿದ್ದಳು. ನನ್ನ ಮಗು ಅಷ್ಟರಲ್ಲಿ ನಡೆಯುತ್ತಿತ್ತು. ಪಿಳ್ಳಮ್ಮನ ಕೂಸು ಮರ ಹತ್ತುತ್ತಿತ್ತು.

ಹೆಸರುಗಳೆಲ್ಲ ಮುಗಿದವು. ಕಡೆಯ ಗುಡ್ಡೆಗೆ ಕೋಲು ಬಿತ್ತು.

“ನಮ್ಮಕ್ಕಂಗೆ” ಎಂದಳು ಪಿಳ್ಳಮ್ಮ. ಸೆರಗಿನೊಳಗೆ ಅವಳ ಮುಖ ಹೇಗಿತ್ತೋ ಯಾರಿಗೂ ಕಾಣಲಿಲ್ಲ.

ಕೊಂಡಪ್ಪ ಕುಕ್ಕೆ ಬೋರಲು ಹಾಕಿದ. ಗೆಂಡೆ, ಕೊರಮೀನು, ಒಂದು ದಪ್ಪ ಹಾವುಮೀನು. “ತಗೊಳ್ಳಕ್ಕ, ಎರಡು ದಿನ ವಾಸ್ನೆ ಬರ್ಲಿ!” ಎಂದು ಯಾರೋ ನಕ್ಕರು. ನರಸಮ್ಮ ಬಗ್ಗಿ ಎಲ್ಲವನ್ನೂ ಮಡಿಲಿಗೆ ತುಂಬಿಕೊಂಡಳು. ಹಿಂದಿನ ಯಾವ ವರ್ಷವೂ ಅವಳಿಗೆ ಅಷ್ಟು ಬಂದಿರಲಿಲ್ಲ. ನನಗೂ ಬಂದಿರಲಿಲ್ಲ, ನನ್ನ ಎಲೆಯಲ್ಲಿದ್ದ ಮುಳ್ಳಿನ ಮೀನು ನೋಡಿ ನಾನು ನಿಟ್ಟುಸಿರಿಟ್ಟೆ.

ಅವಳು ಮಾತ್ರ ಮಡಿಲು ನೋಡಲಿಲ್ಲ. ಕಲ್ಲಿನಿಂದ ಏಳುತ್ತಿದ್ದ ಪಿಳ್ಳಮ್ಮನನ್ನೇ ನೋಡುತ್ತಾ ನನ್ನ ಕಿವಿಗೆ ಬಗ್ಗಿದಳು.

“ಕೇಳುಸ್ತಾ ಮೇಷ್ಟ್ರಮ್ಮ? ದನಿ ಸಾಲ್ದು ಅವ್ಳ್ದು. ನಾನ್ ಕೂಗಿದ್ರೆ ಆ ತೂಬಿನವರ್ಗೂ ಹೋಗ್ತಿತ್ತು.”