ಮೊದಲ ಐವತ್ತು ಸಾವಿರ

ನನ್ನ ಹೆಂಡತಿ ಹೋಗಿ ಎರಡು ವರ್ಷವಾಯಿತು. ಅಫಜಲಪುರದ ಈ ಮನೆಯಲ್ಲಿ ಸೊಸೆ ಚಹಾ ತಂದಿಡುತ್ತಾಳೆ, ಮೊಮ್ಮಗಳು ಲೆಕ್ಕ ಹೇಳಿಸಿಕೊಳ್ಳಲು ಬರುತ್ತಾಳೆ, ಆದರೂ ಮಾತು ಕಡಿಮೆ. ನಾನು ಏನು ಹೇಳಿದರೂ ನಡುವೆ ಬಾಯಿ ಹಾಕಿ "ಅಂದ್ರ ಹ್ಯಾಂಗ್ರಿ?" ಎಂದು ಕೇಳುತ್ತಿದ್ದವಳು ಅವಳೊಬ್ಬಳೇ. ಆಗ ಸಿಟ್ಟು ಬರುತ್ತಿತ್ತು. ಈಗ ಆ ಪ್ರಶ್ನೆಗಾಗಿ ಜೀವ ಹಂಬಲಿಸುತ್ತದೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ನಾನು. ತಿಳಿಸಿ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನಿವೃತ್ತಿಯಾದರೂ ಇಳಿದಿರಲಿಲ್ಲ. ಹಿರಿಯರಿಗೆಂದೇ ಇರುವ ಸರ್ಕಾರಿ ಆರೋಗ್ಯ ವಿಮೆ ಮಾಡಿಸಿದಾಗ ಅದರಲ್ಲಿ ಡಿಡಕ್ಟಿಬಲ್ ಎಂಬ ಷರತ್ತೊಂದಿತ್ತು. ವರ್ಷದಲ್ಲಿ ಆಸ್ಪತ್ರೆಯ ಖರ್ಚು ಎಷ್ಟೇ ಆಗಲಿ, ಮೊದಲ ಐವತ್ತು ಸಾವಿರ ನಾವೇ ಕೊಡಬೇಕು, ಅದರಾಚೆಗಿನದು ವಿಮೆಯವರದು. ಕಂತು ಕಡಿಮೆ ಬೀಳುತ್ತದೆಂದು ನಾನೇ ಅದನ್ನು ಆರಿಸಿದ್ದೆ. ಕಾಗದ ನೋಡಿ ಅವಳು ಕೇಳಿದಳು, "ಅಂದ್ರ ಹ್ಯಾಂಗ್ರಿ?"

ಅವಳ ತವರು ಭೀಮಾ ದಂಡೆಯ ಮಣ್ಣೂರ. ಅವಳ ಊರಿನಿಂದಲೇ ಪಾಠ ಶುರು ಮಾಡಿದೆ.

"ನೀ ಸಣ್ಣಾಕಿ ಇದ್ದಾಗ ದೋಣಿ ದಂಡಿತನಕ ಬರ್ತಿತ್ತೇನು?"

"ಎಲ್ಲಿ ಬರ್ತಿತ್ರಿ. ಮೊಣಕಾಲುದ್ದ ನೀರಾಗ ನಾವೇ ನಡೀಬೇಕಿತ್ತು."

"ಆ ಮೊಣಕಾಲುದ್ದ ನೀರು ನಮ್ಮ ಪಾಲು. ಮುಂದಿಂದು ದೋಣಿಯವಂದು."

ಅವಳು ಯೋಚಿಸಿದಳು. "ಹಂಗಾದ್ರ ಸಣ್ಣ ಬ್ಯಾನಿ ನಮ್ದು, ದೊಡ್ಡ ಬ್ಯಾನಿ ಅವರ್ದು. ಹೌದಿಲ್ರಿ?"

ಶಾಬಾಸ್ ಅಂದೆ. ಅಷ್ಟು ಬೇಗ ತಿಳಿದುಕೊಂಡ ವಿದ್ಯಾರ್ಥಿ ನನಗೆ ಸಿಕ್ಕಿರಲಿಲ್ಲ. ಆ ದಿನವಿಡೀ ಬೀಗುತ್ತ ಓಡಾಡಿದೆ.

ಅವಳಿಗೆ ಸಕ್ಕರೆ ಕಾಯಿಲೆಯಿತ್ತು. ತೊಗರಿ ರಾಶಿಯ ದಿನಗಳಲ್ಲಿ ಹೊಲಕ್ಕೆ ಹೋಗಿ ಬಂದವಳ ಎಡಗಾಲಿನಲ್ಲಿ ಕಾಲುಂಗುರ ಕಾಣಲಿಲ್ಲ. ಮದುವೆಯಾದಾಗಿನಿಂದ ಅದನ್ನು ತೆಗೆದವಳಲ್ಲ. ಕೇಳಿದರೆ, "ಬೆಳ್ಳಿ ಸವದಾದ್ರಿ, ಪತ್ತಾರನ ಕಡಿ ಕೊಟ್ಟೇನಿ" ಎಂದಳು. ಮರುದಿನದಿಂದ ಚಳಿ ಎಂದು ಕಾಲುಚೀಲ ಹಾಕಿಕೊಂಡಳು. ಒಂದು ಉಂಗುರಕ್ಕೆ ಪತ್ತಾರ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಾನೆಯೇ ಎಂದು ಈ ಲೆಕ್ಕದ ಮಾಸ್ತರನಿಗೆ ಹೊಳೆಯಲೇ ಇಲ್ಲ.

ಕಡೆಗೆ ಬಾಯಿಬಿಟ್ಟದ್ದು ಪಕ್ಕದ ಮನೆಯ ಖಾಲಾ, ಅವಳ ಜೀವದ ಗೆಳತಿ. "ಮಾಸ್ತರ್ರ, ಅಕ್ಕೋರ ಬೆರಳು ಕರ್ರಗಾಗ್ಯಾದ. ದಿನಾ ನನ್ನ ಕಡಿ ಅರಿಶಿಣ ಹಚ್ಚಿಸ್ಕೋತಾರ. ನಿಮಗ ಹೇಳಬ್ಯಾಡ ಅಂತ ಆಣಿ ಹಾಕ್ಯಾರ."

ತೊಗರಿ ಕೂಳೆ ಚುಚ್ಚಿ ಆದ ಗಾಯ. ಒಳಗೆ ಹೋಗಿ ಕೂಗಾಡಿದೆ. ಯಾಕೆ ಮುಚ್ಚಿಟ್ಟೆ ಎಂದರೆ, ಅವಳು ಕಾಲು ಸೆರಗಿನಲ್ಲಿ ಮುಚ್ಚಿಕೊಂಡು ಮೆಲ್ಲಗೆ ಹೇಳಿದಳು: "ಈಗ ತೋರಿಸಿದ್ರ ಖರ್ಚು ನಮ್ಮ ಪಾಲಿಗೆ ಬರ್ತಿತ್ತಲ್ರಿ. ಇನ್ನೊಂದೀಟು ದೊಡ್ಡದಾಗ್ಲಿ, ಆಮ್ಯಾಲ ವಿಮಾದವ್ರು ನೋಡ್ಕೋತಾರ ಅಂತ ಸುಮ್ನಿದ್ದೆ."

ಅವತ್ತೇ ಸೊಲ್ಲಾಪುರಕ್ಕೆ ಕರೆದೊಯ್ದೆವು. ಮೊದಲು ಬೆರಳು ತೆಗೆದರು, ಆಮೇಲೆ ಮೊಣಕಾಲಿನವರೆಗೆ. ನಂಜು ಅಷ್ಟರಲ್ಲಿ ರಕ್ತಕ್ಕೆ ಏರಿತ್ತು. ಐವತ್ತು ಸಾವಿರ ಬಹಳ ಬೇಗ ದಾಟಿತು. ಮುಂದಿನದನ್ನು ವಿಮೆಯವರು ತಕರಾರಿಲ್ಲದೆ ಕೊಟ್ಟರು. ಕಾಯಿಲೆ ಎಷ್ಟೇ ದೊಡ್ಡದಾದರೂ ಮೊದಲ ಐವತ್ತು ಸಾವಿರ ನಮ್ಮದೇ; ಅವಳು ಅದನ್ನು ತಪ್ಪು ತಿಳಿದಾಗ ಶಾಬಾಸ್ ಅಂದವನು ನಾನೇ. ನನ್ನ ಪಾಠದಲ್ಲಿ ಇನ್ನೂ ಒಂದು ಮಾತು ಬಿಟ್ಟುಹೋಗಿತ್ತು.

ಹೋಗುವ ಎರಡು ದಿನ ಮೊದಲು, ಮಧ್ಯಾಹ್ನ, ಅವಳಿಗೆ ಚೆನ್ನಾಗಿ ಎಚ್ಚರವಿತ್ತು. ನನ್ನ ಕೈ ಹಿಡಿದು ಕೇಳಿದಳು, "ನಮ್ಮ ಪಾಲಿಂದು ಹ್ಯಾಂಗ ಹೊಂದಿಸಿದ್ರಿ? ಯಾರ ಮುಂದ ಕೈ ಚಾಚಿದ್ರಿ?"

"ಯಾರ ಮುಂದೂ ಇಲ್ಲ. ಪಾಲಿಸಿ ಮಾಡಿಸಿದ ದಿನಾನೇ ಪೋಸ್ಟಾಫೀಸಿನಾಗ ಬ್ಯಾರೆ ತೆಗೆದಿಟ್ಟಿದ್ದೆ. ನಿನ್ನ ದವಾಖಾನಿಗೇ ಅಂತ."

ಅವಳು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಅದೊಂದು ನನಗ ಹೇಳಲೇ ಇಲ್ಲಲ್ರಿ ನೀವು," ಎಂದಳು.